ಕ್ಷ-ಕಿರಣವೂ ರಕ್ತದ ಕಾವಲುಗಾರರೂ

ಬಾಗಲಕೋಟೆಯ ಸೀಮೆ ಕಲ್ಲಿನ ಸೀಮೆ. ಚಾಲುಕ್ಯರ ಮಂಗಲೇಶನು ಇನ್ನೂ ಪಟ್ಟಕ್ಕೆ ಬರುವ ಮೊದಲೇ, ಕ್ರಿ. ಶ. ೫೭೮ರಲ್ಲಿ, ಬಾದಾಮಿಯ ಮೂರನೆಯ ಗುಹೆಯ ಶಾಸನವನ್ನು ಬರೆಯಿಸಿದ್ದು ಕೆಂಪು ಮರಳುಗಲ್ಲಿನ ಮೇಲೆ. ಅಲ್ಲಿಂದ ಮೂಡಲಕ್ಕೆ ನಡೆದು, ಹುನಗುಂದವನ್ನು ದಾಟಿ ಇಳಕಲ್ಲಿಗೆ ಬಂದರೆ ಕಲ್ಲಿನ ಜಾತಿಯೇ ಬೇರೆ. ಅಲ್ಲಿ ಗಣಿಗಳಿಂದ ಎತ್ತುವುದು ಕೆಂಪು ಗ್ರಾನೈಟ್. ಅದನ್ನು ಕೊಯ್ದು, ಉಜ್ಜಿ, ಹೊಳಪು ಕೊಟ್ಟು ದೂರದ ದೇಶಗಳಿಗೂ ಕಳುಹಿಸುತ್ತಾರೆ. ನೋಟದಲ್ಲಿಯೂ ವಯಸ್ಸಿನಲ್ಲಿಯೂ ಬೇರೆಯಾದ ಈ ಎರಡು ಕಲ್ಲುಗಳಿಗೆ ಒಂದು ಗುಣ ಸಮಾನವಾಗಿದೆ. ಎರಡರಿಂದಲೂ ಕಣ್ಣಿಗೆ ಕಾಣದ ಕಿರಣಗಳು ಹಗಲಿರುಳೂ ಹೊರಡುತ್ತಿವೆ. ಯುರೇನಿಯಂ, ಥೋರಿಯಂ, ಪೊಟಾಸಿಯಂ ಎಂಬ ಧಾತುಗಳು ಎಲ್ಲ ಕಲ್ಲಿನಲ್ಲಿಯೂ ಅಷ್ಟಿಷ್ಟು ಬೆರೆತಿರುತ್ತವೆ. ಸಾಮಾನ್ಯವಾಗಿ ಗ್ರಾನೈಟಿನಲ್ಲಿ ಅವುಗಳ ಪಾಲು ಮರಳುಗಲ್ಲಿಗಿಂತ ಹೆಚ್ಚು.

ಈ ಮಾತನ್ನು ಕೇಳಿದವರು ಕೂಡಲೇ ಒಂದು ಪ್ರಶ್ನೆ ಹಾಕುತ್ತಾರೆ: 'ಹಾಗಾದರೆ ಗ್ರಾನೈಟ್ ಹಾಸಿದ ಮನೆಯಲ್ಲಿ ಮಕ್ಕಳು ಮರಿಗಳನ್ನು ಮಲಗಿಸಬಹುದೇ?' ಅದೇ ಊರಿನ ಮತ್ತೊಂದು ಮನೆಯಲ್ಲಿ ಬೇರೊಂದು ಪ್ರಶ್ನೆ ಇರುತ್ತದೆ. ತಾಯಿಗೆ ಅರ್ಬುದರೋಗ, ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಕಿರಣ ಚಿಕಿತ್ಸೆ ನಡೆದಿದೆ, ನಮ್ಮ ಕಡೆಯ ಜನ ಅದಕ್ಕೆ 'ಕರೆಂಟು ಕೊಡುವುದು' ಎನ್ನುತ್ತಾರೆ. ರೋಗ ಇರುವುದು ಒಂದು ಕಡೆ, ವೈದ್ಯರು ವಾರ ವಾರವೂ ರಕ್ತ ತೆಗೆದು ಬಿಳಿಯ ಕಣಗಳನ್ನು ಎಣಿಸುವುದೇಕೆ? ಎಣಿಕೆ ಇಳಿದರೆ ಚಿಕಿತ್ಸೆಯನ್ನು ನಾಲ್ಕು ದಿನ ನಿಲ್ಲಿಸುವುದೇಕೆ? ಓದುಗರೇ, ಈ ಎರಡು ಪ್ರಶ್ನೆಗಳಿಗೂ ಬುಡ ಒಂದೇ. ದೇಹವನ್ನು ರೋಗಗಳಿಂದ ಕಾಯುವ ಕಣಗಳು ಹುಟ್ಟಿ ಬೆಳೆಯುವ ಜಾಗದ ಮೇಲೆ ಕಿರಣ ಬಿದ್ದರೆ ಏನಾಗುತ್ತದೆ ಎಂಬುದೇ ಆ ಬುಡ. ಮನುಷ್ಯ ಇದನ್ನು ತಿಳಿದುಕೊಂಡ ಬಗೆ ಒಂದು ಶತಮಾನಕ್ಕೂ ಮೀರಿದ ಕಥೆ. ಅದರಲ್ಲಿ ದುಃಖವೂ ಇದೆ, ವಿವೇಕವೂ ಇದೆ.

ಮೊದಲು ಆ ಜಾಗದ ಪರಿಚಯ ಮಾಡಿಕೊಳ್ಳೋಣ. ನಮ್ಮ ಎಲುಬುಗಳ ಒಳಗೆ ಮೃದುವಾದ ಕೆಂಪು ಮಜ್ಜೆ ಇದೆ. ಬೆಳೆದವರಲ್ಲಿ ಇದು ಮುಖ್ಯವಾಗಿ ಬೆನ್ನುಮೂಳೆ, ಸೊಂಟದ ಎಲುಬು, ಪಕ್ಕೆಲುಬು, ಎದೆಯ ಎಲುಬು ಮತ್ತು ತಲೆಬುರುಡೆಗಳಲ್ಲಿರುತ್ತದೆ. ರಕ್ತದ ಎಲ್ಲ ಕಣಗಳೂ ಇಲ್ಲಿರುವ ಕೆಲವೇ ಮೂಲಕಣಗಳ ಸಂತಾನ. ಕೀವು ಹುಟ್ಟಿಸುವ ಕ್ರಿಮಿಗಳನ್ನು ನುಂಗುವ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳನ್ನೇ ಈ ಮಜ್ಜೆ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ತಯಾರಿಸುತ್ತದೆ. ರಕ್ತದಲ್ಲಿ ಅವುಗಳ ಬಾಳು ಬಹಳ ಚಿಕ್ಕದು. ಆದುದರಿಂದ ತಯಾರಿಕೆ ಒಂದು ದಿನವೂ ನಿಲ್ಲುವಂತಿಲ್ಲ. ಇನ್ನೊಂದು ಬಗೆಯ ಕಾವಲುಗಾರರು ಲಿಂಫೋಸೈಟುಗಳು. ಒಮ್ಮೆ ಬಂದ ಶತ್ರುವನ್ನು ನೆನಪಿಟ್ಟುಕೊಳ್ಳುವವರು ಇವರು. ಇವರಲ್ಲಿ ಕೆಲವರು ಮಜ್ಜೆಯಲ್ಲಿಯೇ ಪಳಗುತ್ತಾರೆ. ಉಳಿದವರು ಎದೆಯ ಎಲುಬಿನ ಹಿಂದಿರುವ ಥೈಮಸ್ ಎಂಬ ಗ್ರಂಥಿಗೆ ಹೋಗಿ, ಅಲ್ಲಿ ತನ್ನವರು ಯಾರು, ಪರರು ಯಾರು ಎಂಬ ವಿವೇಕವನ್ನು ಕಲಿತು ಹೊರಬರುತ್ತಾರೆ.

ಇಷ್ಟನ್ನು ಇಂದು ನಾವು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ೧೮೯೫ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ರಾಂಟ್‌ಜೆನ್ ಎಂಬ ವಿಜ್ಞಾನಿ ಕ್ಷ-ಕಿರಣಗಳನ್ನು ಕಂಡುಹಿಡಿದಾಗ ಇದರಲ್ಲಿ ಹೆಚ್ಚಿನದು ತಿಳಿದಿರಲಿಲ್ಲ. ಮುಂದಿನ ಮೂರು ವರ್ಷಗಳಲ್ಲಿ ಬೆಕೆರೆಲ್ ಯುರೇನಿಯಂ ಹೊರಸೂಸುವ ಕಿರಣಗಳನ್ನೂ, ಕ್ಯೂರಿ ದಂಪತಿಗಳು ರೇಡಿಯಮ್ಮನ್ನೂ ಲೋಕಕ್ಕೆ ತೋರಿಸಿದರು. ಆಗಿನ ವೈದ್ಯರು ಈ ಕಿರಣಗಳನ್ನು ಬರಿಗೈಯಿಂದಲೇ ಪರೀಕ್ಷಿಸುತ್ತಿದ್ದರು. ಚರ್ಮ ಸುಟ್ಟಿತು, ಹುಣ್ಣಾಯಿತು. ಅಪಾಯ ಚರ್ಮಕ್ಕೆ ಮಾತ್ರ ಎಂದು ಅವರು ತಿಳಿದರು.

ಆ ತಿಳಿವಳಿಕೆಯನ್ನು ತಿದ್ದಿದವರು ಹರ್ಮನ್ ಹೈನೆಕೆ ಎಂಬ ಜರ್ಮನ್ ವೈದ್ಯರು. ೧೯೦೩ರಲ್ಲಿ ಅವರು ಇಲಿ ಮೊದಲಾದ ಸಣ್ಣ ಪ್ರಾಣಿಗಳ ಮೇಲೆ ಕ್ಷ-ಕಿರಣಗಳನ್ನು ಬಿಟ್ಟು ನೋಡಿದರು. ಮೇಲಿನ ಚರ್ಮದಲ್ಲಿ ಏನೊಂದೂ ಕಾಣುವ ಮೊದಲೇ ಒಳಗೆ ಗುಲ್ಮದಲ್ಲಿಯೂ ಲಿಂಫ್ ಗ್ರಂಥಿಗಳಲ್ಲಿಯೂ ಲಿಂಫೋಸೈಟುಗಳು ಗಂಟೆಗಳ ಲೆಕ್ಕದಲ್ಲಿ ಸತ್ತು ಬಿದ್ದಿದ್ದವು. ಅನಂತರ ಮಜ್ಜೆಯೂ ಬರಿದಾಗುವುದು ಕಂಡುಬಂದಿತು. ೧೯೦೮ರಲ್ಲಿ ಬೆಂಜಮಿನ್ ಮತ್ತು ಸ್ಲೂಕ ಎಂಬ ಇಬ್ಬರು ಮೊಲಗಳ ಮೇಲೆ ಮತ್ತೊಂದು ಪ್ರಯೋಗ ಮಾಡಿದರು. ಕಿರಣಕ್ಕೆ ಒಡ್ಡಿದ ಮೊಲಕ್ಕೆ ಅನಂತರ ಪರಕೀಯ ವಸ್ತುವನ್ನು ಚುಚ್ಚಿದರೆ, ಅದರ ರಕ್ತ ಎಂದಿನಂತೆ ಪ್ರತಿವಿಷವನ್ನು ತಯಾರಿಸಲಾರದು ಎಂದು ಅವರು ಕಂಡರು. ಕಿರಣವು ದೇಹದ ಕಾವಲನ್ನೇ ಕುಂದಿಸುತ್ತದೆ ಎಂಬುದಕ್ಕೆ ಅದು ಮೊದಲ ಸಾಕ್ಷಿಗಳಲ್ಲೊಂದು.

ನಡುವೆ, ೧೯೦೬ರಲ್ಲಿ, ಫ್ರಾನ್ಸ್ ದೇಶದ ಬೆರ್ಗೋನಿಯೆ ಮತ್ತು ಟ್ರಿಬೊಂಡೊ ಒಂದು ನಿಯಮವನ್ನು ಹೇಳಿದರು: ಯಾವ ಕಣ ಹೆಚ್ಚು ಹೆಚ್ಚಾಗಿ ಒಡೆದು ಇಮ್ಮಡಿಸುವುದೋ, ಯಾವುದು ಇನ್ನೂ ಪಕ್ವವಾಗದೆ ಎಳೆಯದಾಗಿರುವುದೋ, ಅದಕ್ಕೆ ಕಿರಣದ ಪೆಟ್ಟು ಹೆಚ್ಚು. ಇಳಕಲ್ಲಿನ ನೇಕಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೇಯ್ದು ಮಡಿಚಿ ಪೆಟ್ಟಿಗೆಯಲ್ಲಿಟ್ಟ ಸೀರೆಯ ಒಂದು ಎಳೆ ಹರಿದರೆ ಅಲ್ಲೊಂದು ಸಣ್ಣ ತೂತು, ಅಷ್ಟೆ. ಮಗ್ಗದ ಮೇಲಿರುವ ಹಾಸಿನ ಎಳೆ ಹರಿದು, ನೇಕಾರ ಅದನ್ನು ಗಂಟು ಹಾಕದೆ ಬಿಟ್ಟರೆ, ಅಲ್ಲಿಂದ ಸೆರಗಿನವರೆಗೂ ದೋಷ ಉಳಿಯುತ್ತದೆ. ಮಜ್ಜೆ ಎಂದೂ ನಿಲ್ಲದ ಮಗ್ಗ. ಕಿರಣವು ಕಣದ ತಿರುಳಿನಲ್ಲಿರುವ ವಂಶತಂತುವನ್ನು ಕತ್ತರಿಸುತ್ತದೆ. ಒಂದು ಎಳೆ ತುಂಡಾದರೆ ಕಣ ಅದನ್ನು ಸುಲಭವಾಗಿ ಬೆಸೆದುಕೊಳ್ಳುತ್ತದೆ. ಜೋಡಿ ಎಳೆಗಳೆರಡೂ ಒಂದೇ ಕಡೆ ತುಂಡಾದರೆ ಬೆಸುಗೆ ಕಷ್ಟ. ಇಮ್ಮಡಿಸುತ್ತಿರುವ ಕಣಕ್ಕೆ ಬೆಸೆಯಲು ಪುರುಸೊತ್ತೂ ಇಲ್ಲ. ಅದು ಸಾಯುತ್ತದೆ, ಇಲ್ಲವೇ ತಪ್ಪಾಗಿ ಬೆಸೆದ ಎಳೆಯನ್ನೇ ಮಕ್ಕಳಿಗೆ ದಾಟಿಸುತ್ತದೆ. ಈ ನಿಯಮಕ್ಕೊಂದು ಅಪವಾದವೂ ಇದೆ. ರಕ್ತದಲ್ಲಿ ಸುಮ್ಮನೆ ತಿರುಗುವ ಪಕ್ವ ಲಿಂಫೋಸೈಟುಗಳು ಇಮ್ಮಡಿಸದಿದ್ದರೂ ಬಲು ಕೋಮಲ. ತಂತು ಕೆಟ್ಟಿತೆಂದು ತಿಳಿದೊಡನೆ ಅವು ತಾವಾಗಿಯೇ ಪ್ರಾಣ ಬಿಡುತ್ತವೆ.

ಕಿರಣಗಳ ವಿದ್ಯೆಯನ್ನು ಬೆಳೆಸಿದವರೇ ಈ ಪೆಟ್ಟಿಗೆ ಗುರಿಯಾದರು. ಮೇರಿ ಕ್ಯೂರಿಯವರು ೧೯೩೪ರಲ್ಲಿ ತೀರಿಕೊಂಡದ್ದು ಮಜ್ಜೆ ಬತ್ತಿ ರಕ್ತ ಹುಟ್ಟದೆ ಹೋದ ರೋಗದಿಂದ. ಅವರ ಮಗಳು ಐರೀನ್ ೧೯೫೬ರಲ್ಲಿ ರಕ್ತದ ಅರ್ಬುದದಿಂದ ತೀರಿಕೊಂಡರು. ತಾಯಿಗೂ ಮಗಳಿಗೂ ನೊಬೆಲ್ ಪಾರಿತೋಷಕ ಬಂದಿತ್ತು. ತಾಯಿಗೂ ಮಗಳಿಗೂ ಕೇಡು ಬಂದದ್ದು ರಕ್ತ ಹುಟ್ಟುವ ಅದೇ ಜಾಗಕ್ಕೆ.

೧೯೪೫ರ ಆಗಸ್ಟ್ ೬ ಮತ್ತು ೯ರಂದು ಹಿರೋಷಿಮಾ ಮತ್ತು ನಾಗಸಾಕಿಗಳ ಮೇಲೆ ಅಣುಬಾಂಬು ಬಿದ್ದಾಗ ಈ ಸಂಗತಿ ಇಡೀ ಲೋಕಕ್ಕೆ ತಿಳಿಯಿತು. ಗಾಯವಿಲ್ಲದೆ ಬದುಕಿ ಉಳಿದೆವೆಂದುಕೊಂಡ ಅನೇಕರಿಗೆ ಎರಡು ಮೂರು ವಾರಗಳಾದ ಮೇಲೆ ಕೂದಲುದುರಿತು, ಬಾಯಿಯಲ್ಲಿ ಹುಣ್ಣಾಯಿತು, ಜ್ವರ ಬಂದಿತು, ಚರ್ಮದಡಿ ರಕ್ತ ಒಸರಿತು. ಪರೀಕ್ಷಿಸಿದರೆ ರಕ್ತದಲ್ಲಿ ಬಿಳಿಯ ಕಣಗಳೇ ಇಲ್ಲವೆನ್ನುವಷ್ಟು ಕಡಿಮೆ. ಆ ಎರಡು ಮೂರು ವಾರಗಳ ವಿಳಂಬಕ್ಕೆ ಕಾರಣವಿತ್ತು. ಹೊರಗೆ ಕಾವಲಿಗೆ ನಿಂತವರು ತಮ್ಮ ಆಯುಸ್ಸು ಮುಗಿಯುವವರೆಗೆ ಇದ್ದರು. ಅವರ ಜಾಗಕ್ಕೆ ಮಜ್ಜೆಯಿಂದ ಹೊಸಬರು ಬರಲಿಲ್ಲ. ಬದುಕಿದವರಲ್ಲಿ ಕೆಲವರಿಗೆ ವರ್ಷಗಳು ಕಳೆದ ಮೇಲೆ ರಕ್ತದ ಅರ್ಬುದ ಕಾಣಿಸಿಕೊಂಡಿತು. ಮಕ್ಕಳಾಗಿದ್ದಾಗ ಕಿರಣಕ್ಕೆ ಸಿಕ್ಕವರಲ್ಲಿ ಅದು ಹೆಚ್ಚು. ಅನೇಕ ದಶಕಗಳ ಅನಂತರ ಅದೇ ಜನರ ರಕ್ತವನ್ನು ಪರೀಕ್ಷಿಸಿದ ಜಪಾನಿನ ವಿಜ್ಞಾನಿಗಳಿಗೆ ಮತ್ತೊಂದು ಸಂಗತಿ ಗೋಚರಿಸಿತು. ಹೆಚ್ಚು ಕಿರಣ ತಾಗಿದವರಲ್ಲಿ, ಥೈಮಸ್ಸಿನಿಂದ ಹೊಸದಾಗಿ ಹೊರಬಂದು ಇನ್ನೂ ಯಾವ ಶತ್ರುವನ್ನೂ ನೋಡದ ಎಳೆಯ ಕಾವಲುಗಾರರ ಪಾಲು ಕಡಿಮೆಯಾಗಿತ್ತು. ಅವರ ರೋಗನಿರೋಧ ಶಕ್ತಿಗೆ ಕಾಲಕ್ಕೆ ಮೊದಲೇ ಮುಪ್ಪು ಬಂದಂತಾಗಿತ್ತು.

ಸ್ವತಂತ್ರ ಭಾರತವೂ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. ಪಂಡಿತ ನೆಹರೂ ಅವರ ಅಪೇಕ್ಷೆಯಂತೆ ಡಿ. ಎಸ್. ಕೊಠಾರಿಯವರು, ಹೋಮಿ ಭಾಭಾ ಮತ್ತು ವೈದ್ಯವಿಜ್ಞಾನಿ ವಿ. ಆರ್. ಖಾನೋಲ್ಕರ್ ಅವರ ನೆರವಿನಿಂದ, ಅಣುಸ್ಫೋಟಗಳ ಪರಿಣಾಮವನ್ನು ಕುರಿತ ಒಂದು ಗ್ರಂಥವನ್ನು ಸಿದ್ಧಪಡಿಸಿದರು. ೧೯೫೬ರಲ್ಲಿ ಸರಕಾರವೇ ಅದನ್ನು ಪ್ರಕಟಿಸಿತು. ಬಾಂಬಿಲ್ಲದ ದೇಶವೊಂದು ಬಾಂಬಿನಿಂದ ದೇಹಕ್ಕಾಗುವ ಕೇಡನ್ನು ಜನರ ಮುಂದಿಟ್ಟ ಪ್ರಯತ್ನವದು.

ಇನ್ನು ಈ ಕಥೆಯ ಇನ್ನೊಂದು ಮುಖವನ್ನು ನೋಡಿರಿ. ಕಾವಲುಗಾರರನ್ನು ಕೊಂದ ಕಿರಣವೇ ಅವರು ಹುಟ್ಟುವ ಮನೆಯನ್ನು ತೋರಿಸಿಕೊಟ್ಟಿತು. ೧೯೪೯ರಲ್ಲಿ ಷಿಕಾಗೋದ ಲಿಯಾನ್ ಜೇಕಬ್ಸನ್ ಎಂಬ ವೈದ್ಯರು ಇಲಿಗಳ ಗುಲ್ಮವನ್ನು ಸೀಸದಿಂದ ಮುಚ್ಚಿ, ಉಳಿದ ದೇಹಕ್ಕೆ ಸಾಯುವಷ್ಟು ಕಿರಣವನ್ನು ಕೊಟ್ಟರು. ಅವುಗಳಲ್ಲಿ ಹೆಚ್ಚಿನವು ಸಾಯಲಿಲ್ಲ. ಇಲಿಯ ಗುಲ್ಮ ರಕ್ತವನ್ನು ಹುಟ್ಟಿಸಬಲ್ಲ ಅಂಗ. ಅದೊಂದು ಉಳಿದರೆ ದೇಹವೆಲ್ಲ ಉಳಿಯಿತು. ೧೯೫೧ರಲ್ಲಿ ಲೊರೆಂಜ್ ಮತ್ತು ಅವರ ಸಹೋದ್ಯೋಗಿಗಳು ಕಿರಣ ತಾಗಿದ ಇಲಿಗೆ ಬೇರೊಂದು ಇಲಿಯ ಮಜ್ಜೆಯನ್ನು ಚುಚ್ಚಿ ಬದುಕಿಸಿದರು. ೧೯೬೧ರಲ್ಲಿ ಟೊರಾಂಟೋದ ಟಿಲ್ ಮತ್ತು ಮೆಕಲಕ್ ಇಬ್ಬರೂ ಇಂಥ ಇಲಿಗಳ ಗುಲ್ಮದ ಮೇಲೆ ಹತ್ತು ದಿನಗಳಲ್ಲಿ ಸಣ್ಣ ಸಣ್ಣ ಗಂಟುಗಳೇಳುವುದನ್ನು ಕಂಡರು. ಆ ಒಂದೊಂದು ಗಂಟೂ ಒಂದೊಂದೇ ಕಣದ ಸಂತಾನವೆಂದು ಮುಂದೆ ಸಿದ್ಧವಾಯಿತು. ಮೂಲಕಣವೆಂಬುದು ಊಹೆಯಲ್ಲ, ಎಣಿಸಬಹುದಾದ ವಸ್ತು ಎಂದು ಲೋಕ ತಿಳಿದದ್ದು ಹೀಗೆ.

ಅದೇ ೧೯೬೧ರಲ್ಲಿ ಲಂಡನ್ನಿನ ಜಾಕ್ ಮಿಲ್ಲರ್ ಅವರು ಆಗ ತಾನೇ ಹುಟ್ಟಿದ ಇಲಿಮರಿಗಳ ಥೈಮಸ್ಸನ್ನು ತೆಗೆದು, ಅದಿಲ್ಲದಿದ್ದರೆ ರೋಗನಿರೋಧ ಶಕ್ತಿ ಬೆಳೆಯದೆಂದು ತೋರಿಸಿದರು. ಅದುವರೆಗೆ ಥೈಮಸ್ಸನ್ನು ಕೆಲಸವಿಲ್ಲದ ಅಂಗವೆಂದು ಬಹುಮಂದಿ ತಿಳಿದಿದ್ದರು. ೧೯೬೫ರಲ್ಲಿ ಅಮೆರಿಕದ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು ಕೋಳಿಮರಿಗಳಲ್ಲಿ ಒಂದು ಗ್ರಂಥಿಯನ್ನು ತೆಗೆದು, ಅದಾಗಲೇ ಹೊರಬಂದಿದ್ದ ಕಣಗಳನ್ನು ಕಿರಣದಿಂದ ಅಳಿಸಿ, ಲಿಂಫೋಸೈಟುಗಳಲ್ಲಿ ಎರಡು ಪಂಗಡಗಳಿವೆ ಎಂದು ಸ್ಥಾಪಿಸಿದರು. ಇಂದು ನಾವು ಟಿ ಕಣ, ಬಿ ಕಣ ಎನ್ನುವುದು ಈ ಪಂಗಡಗಳನ್ನೇ. ಹೊಲದ ಬೆಳೆಯನ್ನೆಲ್ಲ ತೆಗೆದು ಬರಿದು ಮಾಡಿ, ಒಂದೇ ಬೀಜ ಬಿತ್ತಿ, ಏನು ಮೊಳೆಯುತ್ತದೆಂದು ಕಾದು ನೋಡುವ ಒಕ್ಕಲಿಗನ ಉಪಾಯವಿದು.

ಈ ವಿದ್ಯೆ ಇಲಿಗಳಿಂದ ಮನುಷ್ಯರಿಗೆ ದಾಟಿತು. ಡಾನೆಲ್ ಥಾಮಸ್ ಎಂಬ ಅಮೆರಿಕದ ವೈದ್ಯರು ೧೯೫೦ರ ದಶಕದಲ್ಲಿ ಆರಂಭಿಸಿದ ಪ್ರಯತ್ನ ಅನೇಕ ಸೋಲುಗಳನ್ನು ಉಂಡು ಕೊನೆಗೆ ಫಲಿಸಿತು. ರಕ್ತದ ಅರ್ಬುದವಾದ ರೋಗಿಯ ಕೆಟ್ಟ ಮಜ್ಜೆಯನ್ನು ಕಿರಣದಿಂದಲೂ ಔಷಧದಿಂದಲೂ ಅಳಿಸಿ, ಒಡಹುಟ್ಟಿದವರ ಮಜ್ಜೆಯನ್ನು ರಕ್ತದಂತೆ ನರದ ಮೂಲಕ ಏರಿಸುವುದು ಅವರ ಕ್ರಮ. ೧೯೯೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಹೊಸ ಮಜ್ಜೆ ನಾಟಿದ ಮೇಲೆ ಕಾವಲುಗಾರರು ಬರುವುದಕ್ಕೆ ಒಂದು ಕ್ರಮವಿದೆ. ನ್ಯೂಟ್ರೋಫಿಲ್‌ಗಳು ಎರಡರಿಂದ ನಾಲ್ಕು ವಾರಗಳಲ್ಲಿ ಬರುತ್ತವೆ. ಬಿ ಕಣಗಳಿಗೆ ತಿಂಗಳುಗಳು ಬೇಕು. ಟಿ ಕಣಗಳು ಥೈಮಸ್ಸಿನ ಶಾಲೆಯನ್ನು ಮುಗಿಸಿ ಬರಬೇಕಾದುದರಿಂದ ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ವಯಸ್ಸಾದಂತೆ ಥೈಮಸ್ ಸೊರಗುವುದರಿಂದ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ, ಹಿರಿಯರು ತಡವಾಗಿ. ಹಳೆಯ ಕಾವಲುಗಾರರ ಜೊತೆಗೆ ಅವರ ನೆನಪೂ ಅಳಿಸಿಹೋಗಿರುವುದರಿಂದ, ಎಳವೆಯಲ್ಲಿ ಹಾಕಿಸಿದ ಲಸಿಕೆಗಳನ್ನೇ ಮತ್ತೆ ಹಾಕಿಸಬೇಕಾಗುತ್ತದೆ.

ಈಗ ನಮ್ಮ ಸೀಮೆಯ ಕಲ್ಲಿಗೆ ಬರೋಣ. ಇಲ್ಲಿ ಬೇಕಾದುದು ಲೆಕ್ಕ. ದೇಹಕ್ಕೆ ತಾಗುವ ಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಿಂದ ಅಳೆಯುತ್ತಾರೆ. ನೆಲ, ಆಕಾಶ, ಗಾಳಿ, ಆಹಾರ ಎಲ್ಲ ಸೇರಿ ಲೋಕದಲ್ಲಿ ಮನುಷ್ಯನೊಬ್ಬನಿಗೆ ವರ್ಷಕ್ಕೆ ಸರಾಸರಿ ೨.೪ ಮಿಲಿಸೀವರ್ಟ್ ತಾಗುತ್ತದೆ. ಎದೆಯ ಒಂದು ಎಕ್ಸ್-ರೇ ಚಿತ್ರಕ್ಕೆ ಸುಮಾರು ೦.೧, ಹೊಟ್ಟೆಯ ಸಿ. ಟಿ. ಸ್ಕ್ಯಾನಿಗೆ ಹತ್ತರ ಹತ್ತಿರ. ರಕ್ತದಲ್ಲಿ ಲಿಂಫೋಸೈಟುಗಳು ಕಡಿಮೆಯಾದದ್ದು ಎಣಿಕೆಗೆ ಸಿಗಬೇಕಾದರೆ ಇಡೀ ದೇಹಕ್ಕೆ ಒಮ್ಮೆಲೇ ಸುಮಾರು ೫೦೦ ತಾಗಬೇಕು. ನಾಲ್ಕು ಸಾವಿರದಷ್ಟು ಒಮ್ಮೆಲೇ ತಾಗಿ, ಚಿಕಿತ್ಸೆ ಸಿಗದಿದ್ದರೆ, ಅರ್ಧದಷ್ಟು ಜನ ಉಳಿಯುವುದಿಲ್ಲ. ಗ್ರಾನೈಟ್ ನೆಲಹಾಸಿನಿಂದ ಬರುವುದು ಮೊದಲ ಸಾಲಿನ ಲೆಕ್ಕಕ್ಕೆ ಸೇರಿದ್ದು. ಕೊನೆಯ ಸಾಲುಗಳಿಗೂ ಅದಕ್ಕೂ ಬಹಳ ದೂರ. ಅದೂ ವರ್ಷವಿಡೀ ಹನಿಹನಿಯಾಗಿ ಬರುವಂಥದು. ಕಣಕ್ಕೆ ಎಳೆಯನ್ನು ಬೆಸೆದುಕೊಳ್ಳಲು ಸಾಕಷ್ಟು ಅವಕಾಶವಿದೆ.

ಇದಕ್ಕೆ ನೆರೆಯ ಕೇರಳದಲ್ಲಿ ಒಂದು ದೊಡ್ಡ ನಿದರ್ಶನವಿದೆ. ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿಯ ಕಡಲದಂಡೆಯ ಮರಳಿನಲ್ಲಿ ಥೋರಿಯಂ ಉಳ್ಳ ಮೋನಜೈಟ್ ಹೇರಳವಾಗಿದೆ. ಕೆಲವೆಡೆ ಅಲ್ಲಿಯ ನಿಸರ್ಗದ ಕಿರಣ ಸಾಮಾನ್ಯಕ್ಕಿಂತ ಹಲವು ಪಟ್ಟು ಹೆಚ್ಚು. ಅಲ್ಲಿಯ ಸುಮಾರು ೭೦ ಸಾವಿರ ಜನರನ್ನು ಸರಾಸರಿ ಹತ್ತೂವರೆ ವರ್ಷ ಗಮನಿಸಿ ೨೦೦೯ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕಿರಣ ಹೆಚ್ಚಿದ್ದೆಡೆ ಅರ್ಬುದರೋಗ ಹೆಚ್ಚಿದುದು ಕಂಡುಬರಲಿಲ್ಲ. ಬಾದಾಮಿಯ ಮರಳುಗಲ್ಲಿನ ಸ್ತರವೇ ಪಡುವಣಕ್ಕೆ ಚಾಚಿ ಬೆಳಗಾವಿ ಜಿಲ್ಲೆಯ ದೇಶನೂರಿನ ಬಳಿ ಯುರೇನಿಯಂ ಇರುವುದೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಇಂಥ ಸುದ್ದಿ ಕೇಳಿದಾಗ ಗಾಬರಿಪಡುವುದಕ್ಕಿಂತ, ಅಳೆದ ಅಂಕಿ ಎಷ್ಟೆಂದು ಕೇಳುವುದು ಲೇಸು. ಮನೆಯಲ್ಲಿ ಮಾಡಬೇಕಾದುದು ಇಷ್ಟೇ: ಕಿಟಕಿ ತೆರೆದಿಡಿರಿ. ಕಲ್ಲು ಮಣ್ಣುಗಳಿಂದ ಏಳುವ ರೇಡಾನ್ ಎಂಬ ಅನಿಲ ಮುಚ್ಚಿದ ಕೋಣೆಯಲ್ಲಿ ಸೇರಿಕೊಳ್ಳುತ್ತದೆ, ಗಾಳಿಯಾಡಿದರೆ ಹೊರಟುಹೋಗುತ್ತದೆ.

ಇಳಕಲ್ಲಿನ ಗಣಿಯಲ್ಲಿ ದುಡಿಯುವವರಿಗೆ ಕಲ್ಲಿನ ಕಿರಣಕ್ಕಿಂತ ಕಲ್ಲಿನ ದೂಳೇ ದೊಡ್ಡ ಶತ್ರು. ಗ್ರಾನೈಟನ್ನು ಕೊರೆದಾಗ ಏಳುವ ಸಿಲಿಕಾದ ನುಣ್ಣನೆಯ ದೂಳು ಪುಪ್ಪುಸದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಕಾವಲಿರುವ ದೊಡ್ಡ ಕಣಗಳು ಅದನ್ನು ನುಂಗಿ, ಅರಗಿಸಲಾರದೆ ಸಾಯುತ್ತವೆ. ಪುಪ್ಪುಸ ಗಡುಸಾಗುತ್ತದೆ; ಕ್ಷಯರೋಗಕ್ಕೆ ಬಾಗಿಲು ತೆರೆಯುತ್ತದೆ. ಕಾಣದ ಕಿರಣಕ್ಕೆ ಹೆದರಿ ಕಾಣುವ ದೂಳನ್ನು ಮರೆತರೆ ಅದು ತಿರುಗುಮುರುಗಾದ ವಿವೇಕವೇ ಸರಿ. ನೀರು ಹಾಯಿಸುತ್ತ ಕೊರೆಯುವುದೂ, ಸರಿಯಾದ ಮುಖಕಾಪನ್ನು ಧರಿಸುವುದೂ ಇದಕ್ಕೆ ರಕ್ಷೆ.

ಹಾಗಾದರೆ ಕಿರಣಕ್ಕೆ ಹೆದರಲೇಬಾರದೇ? ಹೆದರಬೇಕಾದ ಜಾಗವೂ ಇದೆ. ೨೦೧೦ರಲ್ಲಿ ದೆಹಲಿಯ ವಿಶ್ವವಿದ್ಯಾನಿಲಯದಲ್ಲಿ ವರ್ಷಗಟ್ಟಲೆ ಬಳಕೆಯಿಲ್ಲದೆ ಬಿದ್ದಿದ್ದ ಕೋಬಾಲ್ಟ್-೬೦ರ ಯಂತ್ರವೊಂದು ಹರಾಜಿನಲ್ಲಿ ಮಾಯಾಪುರಿಯ ಗುಜರಿ ಪೇಟೆಗೆ ಬಂದಿತು. ಅದನ್ನು ಬಿಚ್ಚಿದವರೂ ಹತ್ತಿರವಿದ್ದವರೂ ಕಾಯಿಲೆ ಬಿದ್ದರು. ಒಬ್ಬ ಕೂಲಿಗಾರ ತೀರಿಕೊಂಡ. ಬ್ರೆಜಿಲ್ ದೇಶದ ಗೊಯಾನಿಯಾದಲ್ಲಿ ೧೯೮೭ರಲ್ಲಿ ಇಂಥದೇ ಅನಾಹುತದಲ್ಲಿ ನಾಲ್ವರು ಸತ್ತಿದ್ದರು. ಹಳದಿಯ ಮೇಲೆ ಮೂರು ಎಸಳಿನ ಗುರುತುಳ್ಳ ಯಾವ ಪೆಟ್ಟಿಗೆ, ಭಾರವಾದ ಸೀಸದ ಡಬ್ಬಿ ಗುಜರಿಯಲ್ಲಿ ಸಿಕ್ಕರೂ ಒಡೆಯಬೇಡಿರಿ. ದೂರ ಸರಿದು ಪೊಲೀಸರಿಗೆ ತಿಳಿಸಿರಿ.

ಕೊನೆಗೆ 'ಕರೆಂಟು ಕೊಡಿಸಿಕೊಳ್ಳುವ' ತಾಯಿಯ ಮಾತು. ಚಿಕಿತ್ಸೆಯಲ್ಲಿ ಕೊಡುವ ಕಿರಣದ ಮೊತ್ತ ದೊಡ್ಡದೇ. ಆದರೆ ಅದನ್ನು ದಿನಕ್ಕಿಷ್ಟೆಂದು ಹಂಚಿ, ವಾರಕ್ಕೆ ಐದು ದಿನದಂತೆ ಹಲವು ವಾರ, ರೋಗವಿರುವ ಜಾಗಕ್ಕೆ ಮಾತ್ರ ಗುರಿಯಿಟ್ಟು ಕೊಡುತ್ತಾರೆ. ಉಳಿದೆಡೆಯ ಮಜ್ಜೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಗರ್ಭಕೊರಳಿನ ಅರ್ಬುದಕ್ಕೆ ಕೊಡುವ ಕಿರಣ ಸೊಂಟದ ಎಲುಬುಗಳ ಮೂಲಕ ಹಾಯುತ್ತದೆ. ಮಜ್ಜೆಯ ದೊಡ್ಡ ಪಾಲು ಇರುವುದು ಅಲ್ಲಿಯೇ. ವೈದ್ಯರು ವಾರ ವಾರ ರಕ್ತ ಎಣಿಸುವುದು ಇದಕ್ಕಾಗಿ. ಎಣಿಕೆ ಇಳಿದು ಚಿಕಿತ್ಸೆ ನಾಲ್ಕು ದಿನ ನಿಂತರೆ ಅದು ಸೋಲಲ್ಲ. ಮಗ್ಗಕ್ಕೆ ಕೊಟ್ಟ ಬಿಡುವು. ಆದರೆ 'ರಕ್ತ ಕಡಿಮೆಯಾಯಿತು, ಇನ್ನು ಸಾಕು' ಎಂದು ಊರಿಗೆ ಹಿಂದಿರುಗಿ ಉಳಿದ ದಿನಗಳನ್ನು ಬಿಟ್ಟುಬಿಟ್ಟರೆ, ರೋಗಕ್ಕೂ ಬಿಡುವು ಕೊಟ್ಟಂತಾಗುತ್ತದೆ. ಚಿಕಿತ್ಸೆಯ ದಿನಗಳಲ್ಲಿ ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕಾವಲು ಕಡಿಮೆಯಿರುವಾಗ ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಇನ್ನೊಂದು ಮಾತು: ಹೊರಗಿನ ಯಂತ್ರದಿಂದ ಕಿರಣ ಪಡೆದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಆ ತಾಯಿಯ ಪಕ್ಕದಲ್ಲಿ ಕುಳಿತು ಉಣ್ಣಬಹುದು, ಮೊಮ್ಮಗುವನ್ನು ಅವರ ತೊಡೆಯ ಮೇಲೆ ಕೂಡಿಸಬಹುದು.

ಕಿರಣದ ಹೆಸರು ಕೇಳಿದಾಗ, ಓದುಗರೇ, ಮೂರು ಪ್ರಶ್ನೆಗಳನ್ನು ಕೇಳಿರಿ: ಎಷ್ಟು? ಎಷ್ಟು ಹೊತ್ತಿನಲ್ಲಿ? ದೇಹದ ಯಾವ ಭಾಗಕ್ಕೆ? ಹೈನೆಕೆಯವರ ಇಲಿಗಳಿಂದ ಹಿರೋಷಿಮಾದ ಮಕ್ಕಳವರೆಗೆ ಅನೇಕ ಜೀವಗಳು ಬೆಲೆ ತೆತ್ತು ಕಲಿಸಿದ ಪ್ರಶ್ನೆಗಳಿವು. ನೆಲದ ಕಲ್ಲಿಗೂ, ಗುಜರಿಯ ಡಬ್ಬಿಗೂ, ಆಸ್ಪತ್ರೆಯ ಯಂತ್ರಕ್ಕೂ ಇವನ್ನೇ ಹಾಕಿ ನೋಡಿದರೆ, ಯಾವುದಕ್ಕೆ ಹೆದರಬೇಕು, ಯಾವುದನ್ನು ನೆಚ್ಚಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.